ಕ್ರೈಸ್ತ ಸಭೆಗಳು ತಮ್ಮ ಖರ್ಚನ್ನು ನಡೆಸುವ ಬಗೆ

ನಮ್ಮ ವಾಚಕರಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಆಗಾಗ ಕೇಳುವುದುಂಟು. ಊರಿನ ದೇವಸ್ಥಾನಕ್ಕೆ ಉಂಬಳಿ, ಇನಾಮು, ಹುಂಡಿ ಎಂಬ ಆದಾಯಗಳುಂಟು. ಮಠಕ್ಕೆ ಭಕ್ತರ ಕಾಣಿಕೆಯುಂಟು. ಆದರೆ ಬೀದಿಯ ಮೂಲೆಯಲ್ಲಿರುವ ಚಿಕ್ಕ ಇಗರ್ಜಿ ಯಾವ ಹಣದಿಂದ ನಡೆಯುತ್ತದೆ? ಪಾದ್ರಿಗಳ ಸಂಬಳ, ದೀಪದ ಖರ್ಚು, ಮಾಡಿನ ದುರಸ್ತಿ, ಬಡವರಿಗೆ ಸಹಾಯ ಇವೆಲ್ಲ ಎಲ್ಲಿಂದ ಬರುತ್ತವೆ? ಇಷ್ಟು ಕೇಳಿದವರೇ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ: ಎಲ್ಲ ಪರದೇಶದ ಹಣ ಎಂದು.

ಉತ್ತರ ಅಷ್ಟು ಸುಲಭವಾದುದಲ್ಲ. ಪರದೇಶದ ಹಣ ಬಂದ ಕಾಲವೂ ಉಂಟು, ಈಗಲೂ ಕೆಲವು ಕಾರ್ಯಗಳಿಗೆ ಬರುವುದುಂಟು. ಆದರೆ ಭಾನುವಾರದ ಆರಾಧನೆ ನಡೆಸುವ ಸಾಧಾರಣ ಸಭೆಯ ಖರ್ಚಿನ ಬಹುಪಾಲು ಆ ಸಭೆಯ ಜನರ ಜೇಬಿನಿಂದಲೇ ಬರುತ್ತದೆ. ಆ ಜನರು ಹೆಚ್ಚಾಗಿ ನಮ್ಮಂತೆಯೇ ಸಂಬಳಗಾರರು, ಕೂಲಿಗಾರರು. ಅವರು ಕೊಡುವುದನ್ನು ಹೇಗೆ ಕಲಿತರು, ಕೊಟ್ಟ ಹಣಕ್ಕೆ ಹೇಗೆ ಲೆಕ್ಕ ಇಡುತ್ತಾರೆ, ಅದರಲ್ಲಿ ಯಾವ ತೊಡಕುಗಳಿವೆ ಎಂಬುದನ್ನು ತಿಳಿಯುವುದು ಯಾವ ಮತದವರಿಗಾದರೂ ಪ್ರಯೋಜನಕರವಾದ ವಿಷಯ. ಸಂಘ ಕಟ್ಟಿದವರಿಗೆ, ಚಂದಾ ಎತ್ತಿದವರಿಗೆ, ಚಂದಾ ಕೊಟ್ಟು ಬೇಸತ್ತವರಿಗೆ ಇನ್ನೂ ಹೆಚ್ಚು.

ಮನೆವಾರ್ತೆ ಎಂಬ ಮಾತು

ಕನ್ನಡ ಬೈಬಲಿನಲ್ಲಿ ‘ಮನೆವಾರ್ತೆಯವನು’ ಎಂಬ ಅಚ್ಚುಕಟ್ಟಾದ ಮಾತೊಂದು ಬರುತ್ತದೆ. ಯಜಮಾನನು ತನ್ನ ಮನೆ, ಕಣಜ, ಆಳುಕಾಳುಗಳನ್ನು ಒಬ್ಬ ನಂಬಿಕೆಯ ಮನುಷ್ಯನ ವಶಕ್ಕೆ ಕೊಟ್ಟಿರುತ್ತಾನೆ. ಆ ಮನುಷ್ಯನು ಆಳುಗಳಿಗೆ ಹೊತ್ತುಹೊತ್ತಿಗೆ ಊಟ ಅಳೆದು ಕೊಡಬೇಕು, ಸಾಲವಸೂಲಿ ನೋಡಿಕೊಳ್ಳಬೇಕು, ಯಜಮಾನ ಕೇಳಿದ ದಿವಸ ಲೆಕ್ಕ ಒಪ್ಪಿಸಬೇಕು. ಇವನೇ ಮನೆವಾರ್ತೆಯವನು. ಮೂಲ ಗ್ರೀಕಿನಲ್ಲಿ ಇವನ ಹೆಸರು ‘ಓಯ್ಕೊನೊಮೊಸ್’. ಇಂದು ಅರ್ಥಶಾಸ್ತ್ರಕ್ಕೆ ಇಂಗ್ಲಿಷರು ಹೇಳುವ ‘ಎಕನಾಮಿಕ್ಸ್’ ಎಂಬ ಮಾತು ಹುಟ್ಟಿದ್ದೂ ಅದೇ ಬೇರಿನಿಂದ.

ಲೆಕ್ಕದ ಕೆಲಸ ಮಾಡುವವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಖಜಾಂಚಿಯ ಪೆಟ್ಟಿಗೆಯಲ್ಲಿ ಸಂಬಳದ ದಿನ ಲಕ್ಷಗಟ್ಟಲೆ ರೂಪಾಯಿ ಇರುತ್ತದೆ. ಅದರಲ್ಲಿ ಒಂದು ರೂಪಾಯಿಯೂ ಅವನದಲ್ಲ. ಆದರೂ ಅಷ್ಟಕ್ಕೂ ಅವನೇ ಜವಾಬ್ದಾರ. ಮನುಷ್ಯನ ಆಸ್ತಿ, ಆರೋಗ್ಯ, ವಿದ್ಯೆ, ಹೊತ್ತು ಎಲ್ಲವೂ ಹೀಗೆ ದೇವರು ವಶಕ್ಕೆ ಕೊಟ್ಟದ್ದು, ಒಂದು ದಿನ ಲೆಕ್ಕ ಒಪ್ಪಿಸಬೇಕಾದದ್ದು ಎಂಬುದು ಕ್ರೈಸ್ತರ ಭಾವನೆ. ಇದರಿಂದ ಒಂದು ಮುಖ್ಯ ಅರ್ಥ ಹೊರಡುತ್ತದೆ. ದೇವರಿಗೆ ಒಂದು ಪಾಲು ಕೊಟ್ಟು ಮಿಕ್ಕ ಒಂಬತ್ತು ಪಾಲನ್ನು ಮನಬಂದಂತೆ ಮಾಡಬಹುದೆಂದು ಇದರಲ್ಲಿ ಇಲ್ಲ. ಹತ್ತೂ ಪಾಲಿಗೂ ಲೆಕ್ಕವುಂಟು. ಮಕ್ಕಳ ಶಾಲೆಯ ಫೀಜು, ಮನೆಯ ಬಾಡಿಗೆ, ಊರಿಗೆ ಕಳಿಸುವ ಹಣ ಇವೂ ಆ ಲೆಕ್ಕದೊಳಗಿನ ಬಾಬುಗಳೇ. ‘ಮನೆವಾರ್ತೆ’ ಎಂಬುದನ್ನು ಚಂದಾ ವಸೂಲಿಯ ಇನ್ನೊಂದು ಹೆಸರೆಂದು ತಿಳಿದವರು ಈ ಮಾತನ್ನು ಅರ್ಧವೇ ತಿಳಿದಂತಾಯಿತು.

ಹತ್ತರಲ್ಲೊಂದು

ಪುರಾತನ ಇಸ್ರಾಯೇಲರಲ್ಲಿ ಬೆಳೆಯ ಹತ್ತರಲ್ಲೊಂದು ಪಾಲನ್ನು ತೆಗೆದಿಡುವ ಕಟ್ಟಳೆಯಿತ್ತು. ಇದಕ್ಕೆ ದಶಮಾಂಶವೆಂದು ಹೆಸರು. ಲೇವಿಯರೆಂಬ ಕುಲದವರು ದೇವಾಲಯದ ಸೇವೆಗೆ ನಿಂತವರು; ಅವರಿಗೆ ಹೊಲದ ಹಿಸ್ಸೆ ಇರಲಿಲ್ಲ; ಆದ್ದರಿಂದ ಹೊಲವುಳ್ಳವರು ಅವರನ್ನು ಸಾಕಬೇಕಾಗಿತ್ತು. ಮೂರು ವರ್ಷಕ್ಕೊಮ್ಮೆ ಈ ಪಾಲನ್ನು ಊರಲ್ಲಿಯೇ ಕೂಡಿಟ್ಟು ಲೇವಿಯರ ಜತೆಗೆ ಪರದೇಶಿ, ತಂದೆಯಿಲ್ಲದ ಮಕ್ಕಳು, ವಿಧವೆಯರು ಇವರು ಹೊಟ್ಟೆತುಂಬ ಉಣ್ಣುವಂತೆ ಮಾಡಬೇಕೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಸಿದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಆ ಪಟ್ಟಿಯಲ್ಲಿ ಪರದೇಶಿಯ ಹೆಸರು ಇರುವುದು ಕಣ್ಣಿಗೆ ಬೀಳದೆ ಇರದು.

ಇಂಥ ಕಟ್ಟಳೆ ಒಂದೇ ಮತಕ್ಕೆ ಸೇರಿದ್ದಲ್ಲ. ಮುಸಲ್ಮಾನರಲ್ಲಿ ಒಂದು ಮಿತಿಗೆ ಮೀರಿ ವರ್ಷವಿಡೀ ಉಳಿದ ಧನದ ನಲವತ್ತರಲ್ಲೊಂದು ಪಾಲು, ಎಂದರೆ ಶೇಕಡಾ ೨॥, ಜಕಾತ್ ಆಗಿ ಬಡವರಿಗೆ ಸಲ್ಲಬೇಕು. ಸಿಖ್ಖರಲ್ಲಿ ದಸ್ವಂಧವೆಂಬ ಹತ್ತರಲ್ಲೊಂದು ಪಾಲು ಉಂಟು. ನಮ್ಮ ನಾಡಿನ ಶರಣರು ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಸಲ್ಲಿಸಿದ್ದು ಎಲ್ಲರಿಗೂ ತಿಳಿದ ವಿಷಯ. ಅಳತೆ ಬೇರೆ, ಹೆಸರು ಬೇರೆ. ದುಡಿದದ್ದೆಲ್ಲ ತನ್ನೊಬ್ಬನದಲ್ಲವೆಂಬ ತಿಳಿವಳಿಕೆ ಒಂದೇ.

ಹೊಸ ಒಡಂಬಡಿಕೆಗೆ ಬಂದರೆ ಅಂಕಿಗಿಂತ ಮನಸ್ಸಿಗೆ ಒತ್ತು ಹೆಚ್ಚು. ಯೆರೂಸಲೇಮಿನ ದೇವಾಲಯದ ಕಾಣಿಕೆಪೆಟ್ಟಿಗೆಯ ಎದುರು ಯೇಸು ಕುಳಿತು ನೋಡುತ್ತಿದ್ದಾಗ ಧನಿಕರು ಬಹಳ ಹಣ ಹಾಕಿದರಂತೆ. ಒಬ್ಬ ಬಡ ವಿಧವೆ ಅತಿ ಚಿಕ್ಕ ನಾಣ್ಯ ಎರಡನ್ನು ಹಾಕಿದಳಂತೆ. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಎಂದು ಯೇಸು ಶಿಷ್ಯರಿಗೆ ತೋರಿಸಿದನು. ಏಕೆಂದರೆ ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟರು, ಇವಳು ಜೀವನಕ್ಕಿದ್ದುದನ್ನೇ ಕೊಟ್ಟಳು. ಮಾರ್ಕನ ಸುವಾರ್ತೆಯಲ್ಲಿ ಈ ಪ್ರಸಂಗಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಮಾತುಂಟು. ಅದನ್ನು ಅನೇಕರು ಬಿಟ್ಟು ಓದುತ್ತಾರೆ. ಉದ್ದ ಪ್ರಾರ್ಥನೆಯ ನೆಪದಲ್ಲಿ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಅಲ್ಲಿ ಖಂಡಿಸಲಾಗಿದೆ. ಬಡವಳ ಕಾಣಿಕೆಯನ್ನು ಹೊಗಳಿದ ಗ್ರಂಥವೇ ಬಡವಳನ್ನು ಸುಲಿಯುವವರನ್ನು ಬೈದಿದೆ. ಎರಡನ್ನೂ ಒಟ್ಟಿಗೆ ಓದತಕ್ಕದ್ದು.

ಸಂತ ಪೌಲನು ಯೆರೂಸಲೇಮಿನ ಬಡವರಿಗಾಗಿ ದೂರದ ಊರುಗಳಲ್ಲಿ ನಿಧಿ ಎತ್ತಿದ ಕ್ರಮ ಇನ್ನೂ ಸ್ವಾರಸ್ಯವಾದದ್ದು. ವಾರದ ಮೊದಲನೆಯ ದಿನ ಒಬ್ಬೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಬೇಕು. ತಾನು ಬಂದ ಮೇಲೆ ಅವಸರದಿಂದ ವಸೂಲಿ ನಡೆಯಬಾರದು. ಹಣ ಒಯ್ಯಲು ಸಭೆಯವರೇ ತಮ್ಮ ಮನುಷ್ಯರನ್ನು ಆರಿಸಬೇಕು ಎಂದು ಅವನು ಕೊರಿಂಥದವರಿಗೆ ಬರೆದನು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ಎಚ್ಚರಿಕೆಯಿಂದ ಇರಬೇಕೆಂಬುದು ಅವನ ಅಭಿಪ್ರಾಯ. ವಾರವಾರದ ಉಳಿತಾಯ, ಆದಾಯಕ್ಕೆ ತಕ್ಕ ಪ್ರಮಾಣ, ಒಬ್ಬನ ಕೈಯಲ್ಲೇ ಹಣ ಬಿಡದಿರುವುದು: ಈ ಮೂರು ನಿಯಮಗಳನ್ನು ೧೯೦೦ ವರ್ಷಗಳಿಗೂ ಹಿಂದೆ ಬರೆದದ್ದಾದರೂ ಇಂದಿನ ಯಾವ ಸಂಘದ ಗೋಡೆಯ ಮೇಲೆ ತೂಗುಹಾಕಿದರೂ ಸಲ್ಲುತ್ತವೆ.

ಬಲವಂತದ ಫಲ

ಯೂರೋಪಿನಲ್ಲಿ ಇಗರ್ಜಿಯೂ ರಾಜ್ಯವೂ ಒಂದಾದ ಮೇಲೆ ದಶಮಾಂಶ ಕಾಣಿಕೆಯಾಗಿ ಉಳಿಯಲಿಲ್ಲ, ಕಂದಾಯವಾಯಿತು. ಇಂಗ್ಲೆಂಡಿನಲ್ಲಿ ರೈತನ ಕಣದ ಹತ್ತನೆಯ ಸಿವುಡು, ಹತ್ತನೆಯ ಕುರಿಮರಿ ಪಾದ್ರಿಯ ಪಾಲಿಗೆ ಹೋಗಬೇಕಾಗಿತ್ತು. ೧೮೩೬ರಲ್ಲಿ ಕಾಯಿದೆಯ ಮೂಲಕ ಅದನ್ನು ಹಣದ ರೂಪಕ್ಕೆ ಬದಲಿಸಿದರು. ೧೯೩೬ರ ಇನ್ನೊಂದು ಕಾಯಿದೆಯಿಂದ ಅದನ್ನು ತೊಡೆದುಹಾಕುವ ಏರ್ಪಾಡಾಯಿತು. ಐರ್ಲೆಂಡಿನ ಕಥೆ ಇದಕ್ಕಿಂತ ಕಹಿ. ಅಲ್ಲಿನ ಬಹುಮಂದಿ ರೈತರು ಕ್ಯಾಥೊಲಿಕರು. ಅವರು ದಶಮಾಂಶ ಕೊಡಬೇಕಾದದ್ದು ಮಾತ್ರ ತಮ್ಮದಲ್ಲದ ಆಂಗ್ಲಿಕನ್ ಇಗರ್ಜಿಗೆ. ದನಕರುಗಳನ್ನು ಜಪ್ತಿ ಮಾಡಲು ಪೋಲೀಸರು ಬಂದಲ್ಲಿ ಹೊಡೆದಾಟವಾಗಿ ೧೮೩೧ರಿಂದ ಕೆಲವು ವರ್ಷ ರಕ್ತ ಹರಿಯಿತು. ಚರಿತ್ರೆಯಲ್ಲಿ ಅದಕ್ಕೆ ದಶಮಾಂಶದ ಯುದ್ಧವೆಂದೇ ಹೆಸರಾಯಿತು.

ಜರ್ಮನಿಯಲ್ಲಿ ಈಗಲೂ ಸರಕಾರವು ನೋಂದಾಯಿತ ಸಭಾಸದರಿಂದ ಆದಾಯ ತೆರಿಗೆಯ ಮೇಲೆ ಶೇಕಡಾ ೮ ಅಥವಾ ೯ರಷ್ಟು ಇಗರ್ಜಿ ತೆರಿಗೆ ವಸೂಲು ಮಾಡಿಕೊಡುತ್ತದೆ. ಅದರಿಂದ ಅಲ್ಲಿನ ಇಗರ್ಜಿಗಳು ಸ್ಥಿತಿವಂತವಾಗಿವೆ. ಆದರೆ ತೆರಿಗೆ ತಪ್ಪಿಸಿಕೊಳ್ಳುವುದಕ್ಕಾಗಿ ಕಚೇರಿಗೆ ಹೋಗಿ ತಮ್ಮ ಹೆಸರನ್ನೇ ಹೊಡೆಸಿ ಬರುವವರೂ ಬಹುಮಂದಿ.

ಅಮೆರಿಕೆಯಲ್ಲಿ ಬೇರೆ ದಾರಿ ಹಿಡಿದರು. ಸರಕಾರದ ಆಸರೆ ಪಡೆದ ಇಗರ್ಜಿಗಳ ಪದ್ಧತಿ ಒಂದೊಂದು ಸಂಸ್ಥಾನದಲ್ಲಿಯೂ ನಿಂತುಹೋಗಿ, ಕೊನೆಗೆ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ೧೮೩೩ರಲ್ಲಿ ಮುಗಿಯಿತು. ಆಮೇಲೆ ಪಾದ್ರಿಗೆ ಸಂಬಳ ಕೊಡಬೇಕಾದರೆ ಜನ ಸ್ವಇಚ್ಛೆಯಿಂದ ಕೊಡಬೇಕು. ಮೊದಮೊದಲು ಅನೇಕ ಕಡೆ ಆಸನಗಳನ್ನೇ ಬಾಡಿಗೆಗೆ ಕೊಡುತ್ತಿದ್ದರು. ಇಂಗ್ಲೆಂಡಿನಲ್ಲಿಯೂ ಈ ಪದ್ಧತಿಯಿತ್ತು. ಹೆಚ್ಚು ಕೊಟ್ಟವನಿಗೆ ಮುಂದಿನ ಆಸನ, ಬಡವನಿಗೆ ಹಿಂದೆ. ದೇವರ ಮನೆಯಲ್ಲಿ ನಾಟಕದ ಟಿಕೇಟಿನ ಕ್ರಮ ಸರಿಯೆ ಎಂದು ಮನಸ್ಸು ನೊಂದವರು ಅದನ್ನು ಕ್ರಮೇಣ ಬಿಡಿಸಿದರು. ಅದರ ಸ್ಥಾನದಲ್ಲಿ ಬಂದದ್ದು ಲಕೋಟೆಯ ಪದ್ಧತಿ. ವರ್ಷದ ಮೊದಲಲ್ಲಿ ಪ್ರತಿಯೊಂದು ಮನೆಯವರೂ ತಮ್ಮಿಂದ ಆಗುವುದೆಷ್ಟು ಎಂದು ಬರೆದು ಕೊಡುವುದು. ನಂಬರು ಹಾಕಿದ ಲಕೋಟೆಗಳನ್ನು ಪಡೆದು ವಾರವಾರವೂ ಅದರಲ್ಲಿಟ್ಟು ತಟ್ಟೆಗೆ ಹಾಕುವುದು. ಹತ್ತು ರೂಪಾಯಿಯ ಲಕೋಟೆಯೂ ಸಾವಿರದ ಲಕೋಟೆಯೂ ನೋಡುವುದಕ್ಕೆ ಒಂದೇ. ಬಡವನ ಮಾನ ಉಳಿಯಿತು. ಸಭೆಗೂ ವರ್ಷದ ಆದಾಯ ಮೊದಲೇ ಅಂದಾಜಿಗೆ ಸಿಕ್ಕಿತು. ಈ ಪದ್ಧತಿ ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿದೆ.

ನಮ್ಮ ದೇಶದಲ್ಲಿ

ನಮ್ಮ ಕಡೆಯ ಕಥೆ ಮಂಗಳೂರಿನಿಂದ ಆರಂಭವಾಗುವುದು ನ್ಯಾಯ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡಕ್ಕೆ, ಬಳಿಕ ಹುಬ್ಬಳ್ಳಿಗೆ, ಗದಗಿನ ಬೆಟಗೇರಿಗೆ ಹೋದರು. ಮತಾಂತರ ಹೊಂದಿದವರಿಗೆ ಜಾತಿ ತಪ್ಪಿತು; ಜಾತಿಯ ಜತೆಗೆ ಕಸುಬೂ ಮನೆಯೂ ತಪ್ಪಿದವು. ಅವರಿಗೆ ಅನ್ನದ ದಾರಿ ಮಾಡಲು ಮಿಶನಿನವರು ನೇಯ್ಗೆಯ ಕಾರಖಾನೆ ಹಾಕಿದರು. ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆ ಹಾಕಿದರು. ಮಂಗಳೂರು ಹಂಚಿನ ಹೆಸರು ದೇಶವೆಲ್ಲ ಹಬ್ಬಿದ್ದು ಹೀಗೆ. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೂಲಿ ಕೊಡುವವರೂ ಅವರೇ, ಪ್ರಸಂಗ ಮಾಡುವವರೂ ಅವರೇ, ಶಾಲೆ ನಡೆಸುವವರೂ ಅವರೇ ಆದಾಗ ಸಭೆಯ ಜನರಿಗೆ ಇದು ನಮ್ಮ ಸಭೆ, ನಾವು ಸಾಕತಕ್ಕದ್ದು ಎಂಬ ಭಾವನೆ ಬರುವುದು ಸುಲಭವಾಗಿರಲಿಲ್ಲ. ೧೯೧೪ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಸೆರೆಯಲ್ಲಿಟ್ಟು ಬಳಿಕ ಊರಿಗೆ ಕಳಿಸಿತು. ಕಾರಖಾನೆಗಳು ಬೇರೆಯವರ ಕೈಗೆ ಹೋದವು. ಎಂಬತ್ತು ವರ್ಷ ಆಸರೆಯಾಗಿದ್ದ ಕೈ ಸರಿದುಹೋಯಿತು. ಹೊರಗಿನ ಆಸರೆಯೊಂದನ್ನೇ ನಂಬಿ ನಿಂತ ಸಂಸ್ಥೆಗೆ ಯಾವ ದಿನ ಯಾವ ಕಾರಣದಿಂದ ಏನಾಗಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಈ ಅಪಾಯವನ್ನು ಮೊದಲೇ ಕಂಡವರೂ ಇದ್ದರು. ಲಂಡನ್ನಿನ ಚರ್ಚ್ ಮಿಶನರಿ ಸೊಸೈಟಿಗೆ ೧೮೪೧ರಿಂದ ೩೦ ವರ್ಷಕ್ಕೂ ಮೇಲ್ಪಟ್ಟು ಕಾರ್ಯದರ್ಶಿಯಾಗಿದ್ದ ಹೆನ್ರಿ ವೆನ್, ಅಮೆರಿಕೆಯ ರೂಫಸ್ ಆಂಡರ್ಸನ್ ಇವರಿಬ್ಬರೂ ಒಂದೇ ಮಾತನ್ನು ಹೇಳಿದರು: ಪ್ರತಿಯೊಂದು ನಾಡಿನ ಸಭೆಯೂ ತನ್ನನ್ನು ತಾನೇ ಸಾಕಿಕೊಳ್ಳಬೇಕು, ತಾನೇ ಆಳಿಕೊಳ್ಳಬೇಕು, ತಾನೇ ಬೆಳೆಯಬೇಕು. ಮೊದಲನೆಯದಿಲ್ಲದೆ ಎರಡನೆಯದು ನಿಲ್ಲದು. ಏಕೆಂದರೆ ಖರ್ಚು ಕೊಡುವವನ ಮಾತೇ ಕೊನೆಯ ಮಾತಾಗುವುದು ಲೋಕರೂಢಿ.

ಇದನ್ನು ನಮ್ಮವರಲ್ಲಿ ನಡೆಸಿ ತೋರಿಸಿದವರು ವೇದನಾಯಗಂ ಸಾಮುವೇಲ್ ಅಜರಯ್ಯ ಎಂಬವರು. ೧೮೭೪ರಲ್ಲಿ ತಿರುನೆಲ್ವೇಲಿ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ೧೯೦೩ರಲ್ಲಿ ತಿರುನೆಲ್ವೇಲಿಯ ಭಾರತೀಯ ಮಿಶನರಿ ಸಂಘವನ್ನೂ, ೧೯೦೫ರಲ್ಲಿ ಸೇರಾಂಪುರದಲ್ಲಿ ರಾಷ್ಟ್ರೀಯ ಮಿಶನರಿ ಸಂಘವನ್ನೂ ಕಟ್ಟಿದವರಲ್ಲಿ ಅವರು ಮುಂದಾಳು. ಭಾರತದ ಜನ, ಭಾರತದ ಹಣ, ಭಾರತದ ಆಡಳಿತ ಎಂಬುದು ಆ ರಾಷ್ಟ್ರೀಯ ಸಂಘದ ಸೂತ್ರವಾಗಿತ್ತು. ಬಂಗಾಲದ ವಿಭಜನೆಯಾಗಿ ಸ್ವದೇಶೀ ಚಳವಳಿ ಎದ್ದ ವರ್ಷವೂ ೧೯೦೫ ಎಂಬುದನ್ನು ನೆನೆದರೆ ಗಾಳಿ ಯಾವ ಕಡೆ ಬೀಸುತ್ತಿತ್ತೆಂಬುದು ತಿಳಿಯುತ್ತದೆ.

೧೯೧೦ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಲೋಕದ ಮಿಶನರಿಗಳ ದೊಡ್ಡ ಸಮ್ಮೇಲನ ನಡೆದಾಗ ಅಜರಯ್ಯನವರು ಎದ್ದು ಮಾತಾಡಿದರು. ಪರದೇಶದವರು ನಮಗಾಗಿ ಹಣ ಕೊಟ್ಟದ್ದನ್ನೂ ಪ್ರಾಣವನ್ನೇ ತೆತ್ತದ್ದನ್ನೂ ಕೃತಜ್ಞತೆಯಿಂದ ನೆನೆದು, ಕೊನೆಯಲ್ಲಿ ಅವರು ಬೇಡಿದ್ದು ಸ್ನೇಹವನ್ನು. ಆ ಮಾತು ಕೂಡಿದ ಸಭೆಯಲ್ಲಿ ಅನೇಕರಿಗೆ ಚುಚ್ಚಿತು. ಒಬ್ಬನು ಯಾವಾಗಲೂ ಕೊಡುವವನು, ಇನ್ನೊಬ್ಬನು ಯಾವಾಗಲೂ ಕೈಯೊಡ್ಡುವವನು ಆಗಿರುವ ತನಕ ಅವರಿಬ್ಬರೂ ಒಂದೇ ಚಾಪೆಯ ಮೇಲೆ ಕೂಡಲಾರರು. ಕೊಡುವುದು ಬಡವನ ಮೇಲೆ ಹೊರಿಸುವ ಹೊರೆ ಮಾತ್ರವಲ್ಲ, ಅವನ ತಲೆ ಎತ್ತಿಸುವ ದಾರಿಯೂ ಹೌದೆಂಬುದು ಇಲ್ಲಿಯ ಮರ್ಮ.

೧೯೧೨ರಲ್ಲಿ ಅವರು ಡೋರ್ನಕಲ್ಲಿನ ಬಿಷಪರಾದರು. ಆಂಗ್ಲಿಕನ್ ಇಗರ್ಜಿಯಲ್ಲಿ ಆ ಪದವಿಗೆ ಏರಿದ ಮೊದಲ ಭಾರತೀಯರು ಅವರೇ. ಹೈದರಾಬಾದಿನ ಕಡೆಯಿಂದ ವಿಜಯವಾಡಕ್ಕೆ ರೈಲಿನಲ್ಲಿ ಹೋಗುವ ನಮ್ಮ ವಾಚಕರು ಡೋರ್ನಕಲ್ ಜಂಕ್ಷನ್ನನ್ನು ಕಂಡೇ ಇರುತ್ತಾರೆ. ಅಲ್ಲಿನ ಸಭೆಗಳ ಜನ ಬಹುಪಾಲು ಮಾಲ, ಮಾದಿಗ ಕುಲಗಳ ಹೊಲಗೂಲಿಗಳು. ಕೈಯಲ್ಲಿ ನಗದು ಕಾಣದವರು. ಇವರಿಂದ ಏನು ಕೇಳುವುದೆಂದು ಅವರು ಸುಮ್ಮನಾಗಲಿಲ್ಲ. ಹಣವಿಲ್ಲದವರು ಕಾಳು ತಂದರು, ಕೋಳಿ ತಂದರು, ಮೊಟ್ಟೆ ತಂದರು, ಸುಗ್ಗಿಯಲ್ಲಿ ಬೆಳೆ ತಂದರು. ಮುಟ್ಟಬಾರದವರೆಂದು ಊರು ದೂರವಿಟ್ಟ ಕೈಗಳು ಕೊಡುವ ಕೈಗಳಾದವು. ಅಜರಯ್ಯನವರು ಕ್ರೈಸ್ತರ ಕೊಡುಗೆಯ ವಿಷಯವಾಗಿಯೇ ಒಂದು ಪುಸ್ತಕವನ್ನೂ ಬರೆದರು. ಡೋರ್ನಕಲ್ಲಿನ ದೊಡ್ಡ ದೇವಾಲಯದ ಪ್ರತಿಷ್ಠೆ ೧೯೩೯ರ ಜನವರಿಯಲ್ಲಿ ಆಯಿತು. ಅದರ ಗುಮ್ಮಟಗಳು ಮಸೀದಿಯನ್ನು, ಕಂಬಗಳು ದಕ್ಷಿಣದ ದೇವಸ್ಥಾನವನ್ನು ನೆನಪಿಗೆ ತರುತ್ತವೆ. ಅವರು ೧೯೪೫ರ ಜನವರಿ ೧ರಂದು ತೀರಿಕೊಂಡರು.

ಒಂದು ಹಿಡಿ ಅಕ್ಕಿ

ದೇಶದ ಈಶಾನ್ಯ ಮೂಲೆಯ ಮಿಜೋರಾಮಿನಲ್ಲಿ ಇನ್ನೊಂದು ಪದ್ಧತಿಯುಂಟು. ಅದರ ಹೆಸರು ‘ಬುಹ್‌ಫಾಯ್ ಥಾಮ್’. ಒಂದು ಹಿಡಿ ಅಕ್ಕಿ ಎಂದು ಅರ್ಥ. ೧೯೧೦ರಲ್ಲಿ ಅಲ್ಲಿನ ಪ್ರೆಸ್‌ಬಿಟೇರಿಯನ್ ಸಭೆಯ ಹೆಂಗಸರಲ್ಲಿ ಇದು ಆರಂಭವಾಯಿತು. ಕೈಯಲ್ಲಿ ಕಾಸಿಲ್ಲದ ಗೃಹಿಣಿ ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಯಲ್ಲಿ ಹಾಕುತ್ತಾಳೆ. ಸಭೆಯ ಹೆಂಗಸರು ಮನೆಮನೆಗೆ ಹೋಗಿ ಅದನ್ನು ಕೂಡಿಸುತ್ತಾರೆ. ಕೂಡಿದ ಅಕ್ಕಿಯನ್ನು ಮಾರಿ ಬಂದ ಹಣ ಸಭೆಯ ಸೇವೆಗೆ ಸಲ್ಲುತ್ತದೆ.

ಗುಮಾಸ್ತರ ಲೆಕ್ಕದಲ್ಲಿ ನೋಡೋಣ. ಒಂದು ಹಿಡಿ ಸುಮಾರು ೫೦ ಗ್ರಾಮೆಂದು ಇಟ್ಟುಕೊಳ್ಳಿ. ದಿನಕ್ಕೆ ಎರಡು ಹೊತ್ತಿಗೆ ೧೦೦ ಗ್ರಾಮಾಯಿತು. ವರ್ಷಕ್ಕೆ ೩೬॥ ಕಿಲೋ. ನೂರು ಮನೆಯಿದ್ದರೆ ೩,೬೫೦ ಕಿಲೋ, ಎಂದರೆ ಮೂವತ್ತಾರು ಕ್ವಿಂಟಲಿಗೂ ಮೇಲೆ. ಯಾವ ಮನೆಯಲ್ಲಿಯೂ ಆ ಒಂದು ಹಿಡಿಯಿಂದ ಯಾರೂ ಹಸಿದು ಮಲಗಲಿಲ್ಲ. ಮಿಜೋ ಸಭೆ ತನ್ನ ಜನರ ಕಾಣಿಕೆಯಿಂದಲೇ ದೇಶದ ಬೇರೆ ಕಡೆಗಳಿಗೂ ತನ್ನವರನ್ನು ಸೇವೆಗೆ ಕಳಿಸುವಷ್ಟು ಶಕ್ತವಾಗಿದೆ. ನೂರು ವರ್ಷ ದಾಟಿದರೂ ಹಿಡಿ ಅಕ್ಕಿಯ ಪಾತ್ರೆ ಅಡಿಗೆಮನೆಯಿಂದ ಹೊರಗೆ ಹೋಗಿಲ್ಲ.

ಈ ಪದ್ಧತಿಯ ಗುಟ್ಟು ಮೂರು. ಇದು ಅಡಿಗೆಗೆ ಮುಂಚೆ ತೆಗೆಯುವುದು, ಉಂಡು ಮಿಕ್ಕದ್ದಲ್ಲ. ದಿನವೂ ಆಗುವುದರಿಂದ ಅಭ್ಯಾಸವಾಗುತ್ತದೆ, ಭಾರವೆನಿಸುವುದಿಲ್ಲ. ಧನಿಕಳ ಹಿಡಿಗೂ ಬಡವಳ ಹಿಡಿಗೂ ಹೆಚ್ಚು ಅಂತರವಿಲ್ಲವಾದ್ದರಿಂದ ಯಾರಿಗೂ ಹೆಮ್ಮೆಯಿಲ್ಲ, ಯಾರಿಗೂ ನಾಚಿಕೆಯಿಲ್ಲ.

ಈಗ ಸಭೆ ನಡೆಯುವ ಕ್ರಮ

ಸಾಧಾರಣವಾದ ಪ್ರೊಟೆಸ್ಟಂಟ್ ಸಭೆಯಲ್ಲಿ ಸದಸ್ಯರು ಆರಿಸಿದ ಒಂದು ಕಮಿಟಿ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಆದಾಯದ ಬಾಬುಗಳು ಇವು: ತಿಂಗಳ ಚಂದಾ ಅಥವಾ ಲಕೋಟೆ, ಭಾನುವಾರದ ತಟ್ಟೆಯ ಕಾಣಿಕೆ, ಮದುವೆ ನಾಮಕರಣ ಮುಂತಾದ ಶುಭಕಾಲದ ಕೃತಜ್ಞತಾ ಕಾಣಿಕೆ, ಸುಗ್ಗಿಯ ಹಬ್ಬ. ದಕ್ಷಿಣದ ಅನೇಕ ಸಭೆಗಳಲ್ಲಿ ಆ ಹಬ್ಬದ ದಿನ ಜನ ತಂದ ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ, ಮನೆಯಲ್ಲಿ ಮಾಡಿದ ತಿಂಡಿಗಳನ್ನು ಅಂಗಳದಲ್ಲಿಯೇ ಏಲಂ ಹಾಕುತ್ತಾರೆ. ಒಂದು ತೆಂಗಿನಕಾಯಿ ಪೇಟೆಯ ಧಾರಣೆಯ ಹತ್ತು ಪಟ್ಟಿಗೆ ಹೋಗುವುದೂ ಉಂಟು, ನಗುವೂ ಉಂಟು. ಅನೇಕ ಕಡೆ ಸಭೆಯು ತನ್ನ ಆದಾಯದ ಒಂದು ಪಾಲನ್ನು ಪ್ರಾಂತದ ಮೇಲಿನ ಕಚೇರಿಗೆ ಕಳಿಸುತ್ತದೆ. ಅಲ್ಲಿಂದ ಪಾದ್ರಿಗಳಿಗೆ ಒಂದೇ ದರ್ಜೆಯ ಸಂಬಳ ಹೋಗುವುದರಿಂದ ಬಡ ಹಳ್ಳಿಯ ಪಾದ್ರಿಯೂ ಉಪವಾಸ ಬೀಳುವುದಿಲ್ಲ. ಕ್ಯಾಥೊಲಿಕರಲ್ಲಿ ಪ್ರತಿಯೊಂದು ಇಗರ್ಜಿಗೂ ಹಣಕಾಸಿನ ಸಮಿತಿ ಇರಲೇಬೇಕೆಂದು ೧೯೮೩ರ ಅವರ ಧರ್ಮಸಂಹಿತೆ ವಿಧಿಸಿದೆ.

ಪರದೇಶದ ಹಣದ ವಿಷಯಕ್ಕೆ ಸರಕಾರದ ಕಾಯಿದೆಯುಂಟು. ೧೯೭೬ರಲ್ಲಿ ಮೊದಲ ಕಾಯಿದೆ, ೨೦೧೦ರಲ್ಲಿ ಹೊಸ ಕಾಯಿದೆ, ೨೦೨೦ರಲ್ಲಿ ತಿದ್ದುಪಡಿ ಬಂದವು. ಈ ತಿದ್ದುಪಡಿಯ ಮೇರೆಗೆ ಯಾವ ಸಂಸ್ಥೆಗೇ ಆಗಲಿ ಪರದೇಶದ ದೇಣಿಗೆ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿಯ ಮುಖ್ಯ ಶಾಖೆಯಲ್ಲಿನ ಖಾತೆಗೆ. ಸರಕಾರದ ಅನುಮತಿಯಿಲ್ಲದ ಸಂಸ್ಥೆಗೆ ಒಂದು ಡಾಲರೂ ಬರುವಂತಿಲ್ಲ. ಆದ್ದರಿಂದ ಇಂದು ಸಭೆಗಳಲ್ಲಿ ಕೊಡುವ ವಿಷಯವಾಗಿ ಪ್ರಸಂಗಗಳು ಹೆಚ್ಚಾಗಿ ಕೇಳಿಸಿದರೆ ಅದಕ್ಕೆ ಶಾಸ್ತ್ರವೊಂದೇ ಕಾರಣವಲ್ಲ.

ಪ್ರಮಾಣದ ಲೆಕ್ಕ

ಈಗ ಒಂದು ಕಲ್ಪಿತ ಲೆಕ್ಕ. ಒಂದು ಸಭೆಯಲ್ಲಿ ೬೦ ಮನೆಗಳು. ತಿಂಗಳ ಖರ್ಚು ೩೬,೦೦೦ ರೂಪಾಯಿ. ಮನೆಗೆ ೬೦೦ ರೂಪಾಯಿಯೆಂದು ಸಮವಾಗಿ ಹಂಚಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ೪೦ ಮನೆಗಳ ಸಂಬಳ ೧೫,೦೦೦. ೨೦ ಮನೆಗಳದು ೬೦,೦೦೦ ಎಂದಿಟ್ಟುಕೊಳ್ಳಿ. ಆಗ ಬಡವನು ನೂರಕ್ಕೆ ನಾಲ್ಕು ಕೊಟ್ಟಂತಾಯಿತು, ಸ್ಥಿತಿವಂತನು ನೂರಕ್ಕೆ ಒಂದು. ಅದರ ಬದಲು ಎಲ್ಲರೂ ನೂರಕ್ಕೆ ಎರಡರಂತೆ ಕೊಟ್ಟರೆ ೪೦ ಮನೆಗಳಿಂದ ೩೦೦ರಂತೆ ೧೨,೦೦೦, ೨೦ ಮನೆಗಳಿಂದ ೧,೨೦೦ರಂತೆ ೨೪,೦೦೦, ಒಟ್ಟು ಅದೇ ೩೬,೦೦೦. ಮೊತ್ತ ಬದಲಾಗಲಿಲ್ಲ, ನ್ಯಾಯ ಬದಲಾಯಿತು. ಪೌಲನು ಸಂಪಾದನೆಗೆ ತಕ್ಕಂತೆ ಎಂದದ್ದು ಇದನ್ನೇ.

ಹಾಗಾದರೆ ಹತ್ತರಲ್ಲೊಂದನ್ನೇ ಎಲ್ಲರ ಮೇಲೂ ಕಟ್ಟಬೇಕೆ? ಈ ವಿಷಯದಲ್ಲಿ ಕ್ರೈಸ್ತರಲ್ಲಿಯೇ ಭಿನ್ನಾಭಿಪ್ರಾಯವಿದೆ. ಕೆಲವರು ಅದು ಇಂದಿಗೂ ಕಡ್ಡಾಯವೆನ್ನುತ್ತಾರೆ. ಕೆಲವರು ಅದು ಹಳೆಯ ಕಟ್ಟಳೆ, ಈಗ ಮಾದರಿ ಮಾತ್ರ ಎನ್ನುತ್ತಾರೆ. ೧೫,೦೦೦ದಲ್ಲಿ ೧,೫೦೦ ಕೊಟ್ಟವನ ಮನೆಯಲ್ಲಿ ಹಾಲು ನಿಲ್ಲುತ್ತದೆ; ಒಂದು ಲಕ್ಷದಲ್ಲಿ ೧೦,೦೦೦ ಕೊಟ್ಟವನ ಮನೆಯಲ್ಲಿ ಏನೂ ನಿಲ್ಲುವುದಿಲ್ಲ. ಅಂಕಿ ಒಂದೇ ಆದರೂ ಭಾರ ಒಂದಲ್ಲ.

ಪ್ರೋತ್ಸಾಹವೂ ಪೀಡೆಯೂ

ಜನರನ್ನು ಕೊಡುವಂತೆ ಪ್ರೋತ್ಸಾಹಿಸುವುದು ಬೇರೆ, ಪೀಡಿಸುವುದು ಬೇರೆ. ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಎಲ್ಲರೆದುರು ಓದಿ ಕೊಡದವನ ಮುಖ ಬಾಡಿಸುವುದು, ಬಾಕಿ ಉಳಿಸಿಕೊಂಡವನ ಮನೆಯ ಮದುವೆಗೆ ಅಡ್ಡಿ ಮಾಡುವುದು, ಇಂದು ನೂರು ಕೊಟ್ಟರೆ ದೇವರು ನಾಳೆ ಸಾವಿರ ಕೊಡುತ್ತಾನೆಂದು ಲಾಟರಿಯವನಂತೆ ಆಸೆ ತೋರಿಸುವುದು ಇವು ಪೀಡೆಯ ಬಗೆಗಳು. ಸಾಲ ಮಾಡಿ ಕಾಣಿಕೆ ಹಾಕಿದವನ ಹಣ ವಾಸ್ತವವಾಗಿ ಸಾಲಗಾರನ ಹಣ.

ಊರಲ್ಲಿ ತಾಯಿತಂದೆಗಳನ್ನು ಬಿಟ್ಟು ಬಂದಿರುವ ನಮಗೆ ಬೈಬಲಿನ ಇನ್ನೊಂದು ಪ್ರಸಂಗ ವಿಶೇಷವಾಗಿ ನೆನಪಿಡತಕ್ಕದ್ದು. ಯೇಸುವಿನ ಕಾಲದಲ್ಲಿ ಕೆಲವರು ತಮ್ಮ ಆಸ್ತಿಯನ್ನು ‘ಕೊರ್ಬಾನ್’, ಎಂದರೆ ದೇವರಿಗೆ ಮೀಸಲು, ಎಂದು ಹೇಳಿಬಿಟ್ಟು ಮುದಿ ತಾಯಿತಂದೆಗೆ ಏನೂ ಕೊಡದೆ ತಪ್ಪಿಸಿಕೊಳ್ಳುತ್ತಿದ್ದರು. ಶಾಸ್ತ್ರಿಗಳು ಅದನ್ನು ಒಪ್ಪುತ್ತಿದ್ದರು. ಯೇಸು ಅದನ್ನು ಕಟುವಾಗಿ ಖಂಡಿಸಿದನು. ತಾಯಿಯ ಔಷಧದ ಹಣವನ್ನು ತಂದು ತಟ್ಟೆಗೆ ಹಾಕುವುದು ಭಕ್ತಿಯಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ.

ನಿಜವಾದ ಪ್ರೋತ್ಸಾಹಕ್ಕೆ ಹೆಚ್ಚು ಮಾತು ಬೇಕಿಲ್ಲ. ಮೊದಲನೆಯದಾಗಿ ಹಣ ಏತಕ್ಕೆ ಬೇಕೆಂದು ಮುಂಚಿತವಾಗಿ ಅಂದಾಜುಪಟ್ಟಿ ಮಾಡಿ ಎಲ್ಲರಿಗೂ ತಿಳಿಸುವುದು. ಎರಡನೆಯದಾಗಿ ತಟ್ಟೆಯ ಹಣವನ್ನು ಆರಾಧನೆ ಮುಗಿದ ಕೂಡಲೇ ಇಬ್ಬರು ಕೂಡಿ ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರೂ ರುಜು ಮಾಡಿ, ಮಾರನೆಯ ದಿನ ಬ್ಯಾಂಕಿಗೆ ಕಟ್ಟುವುದು. ಮೂರನೆಯದಾಗಿ ಕಮಿಟಿಗೆ ಸೇರದ ಒಬ್ಬರಿಂದ ವರ್ಷದ ಲೆಕ್ಕ ತಪಾಸಣೆ ಮಾಡಿಸಿ, ವಾರ್ಷಿಕ ಸಭೆಯಲ್ಲಿ ಓದಿ, ಪ್ರಶ್ನೆ ಕೇಳಿದವನ ಮೇಲೆ ಸಿಟ್ಟಾಗದಿರುವುದು. ನಾಲ್ಕನೆಯದಾಗಿ ಹಣವಿಲ್ಲದವನ ಬೆವರನ್ನೂ ಕಾಣಿಕೆಯೆಂದು ಎಣಿಸುವುದು. ಬಡಗಿಯೊಬ್ಬ ಎರಡು ಭಾನುವಾರ ಕೂತು ಬೆಂಚುಗಳನ್ನು ರಿಪೇರಿ ಮಾಡಿದರೆ, ಗುಮಾಸ್ತನೊಬ್ಬ ಬಿಟ್ಟಿಯಾಗಿ ಲೆಕ್ಕ ಬರೆದರೆ, ಅದು ರಸೀದಿಪುಸ್ತಕದಲ್ಲಿ ಕಾಣದ ಚಂದಾ.

ಪುಸ್ತಕ ಮುಚ್ಚಿಟ್ಟ ಕಡೆ ತಟ್ಟೆ ಹಗುರವಾಗುತ್ತಾ ಹೋಗುವುದು ಎಲ್ಲ ಸಂಸ್ಥೆಗಳಲ್ಲಿಯೂ ಕಾಣುವ ಸಂಗತಿ. ಜನ ಜಿಪುಣರೆಂದು ದೂರುವುದಕ್ಕೆ ಮುಂಚೆ ಕಳೆದ ವರ್ಷದ ಲೆಕ್ಕ ಅವರ ಕೈಗೆ ಸಿಕ್ಕಿತ್ತೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಹಾಗೆಯೇ, ಲೆಕ್ಕ ಕೇಳುವವನೂ ತಾನು ಕೊಟ್ಟಿದ್ದೇನೆಯೆ ಎಂದು ನೋಡಿಕೊಳ್ಳತಕ್ಕದ್ದು. ಕೊಡದೆ ಲೆಕ್ಕ ಕೇಳುವವನ ಮಾತಿಗೆ ತೂಕವಿಲ್ಲ. ಕೊಟ್ಟೂ ಲೆಕ್ಕ ಕೇಳದವನು ಖಜಾಂಚಿಯನ್ನೇ ಕೆಡಿಸುತ್ತಾನೆ.

ಆದ್ದರಿಂದ ವಾಚಕ ಬಂಧುಗಳೆ, ದೇವಸ್ಥಾನಕ್ಕೆ, ಮಸೀದಿಗೆ, ಇಗರ್ಜಿಗೆ, ನೀವು ಸೇರಿದ ಯಾವ ಸಂಘಕ್ಕೇ ಆಗಲಿ, ಬರುವ ತಿಂಗಳು ಸಂಬಳ ಕೈಗೆ ಬಂದ ದಿನ ಮೊದಲು ಮನೆಯ ಅಂದಾಜನ್ನು ಬರೆಯಿರಿ. ಬಾಡಿಗೆ, ರೇಷನ್ನು, ಊರಿಗೆ ಕಳಿಸುವುದು, ಸಾಲದ ಕಂತು ಇವನ್ನು ಬರೆದ ಪಟ್ಟಿಯಲ್ಲಿಯೇ, ಕೊನೆಯಲ್ಲಿ ಅಲ್ಲ, ನಡುವೆ ಎಲ್ಲಾದರೂ ಕೊಡುವುದಕ್ಕೆಂದು ಒಂದು ಸಾಲು ಬರೆಯಿರಿ. ಮೊತ್ತ ಹತ್ತೇ ರೂಪಾಯಿಯಾದರೂ ಚಿಂತೆಯಿಲ್ಲ. ಹಣ ಕೊಟ್ಟು ರಸೀದಿ ತೆಗೆದುಕೊಳ್ಳಿ, ವರ್ಷದ ಕೊನೆಗೆ ಲೆಕ್ಕ ಓದುವ ಸಭೆಗೆ ತಪ್ಪದೆ ಹೋಗಿ ಕೂತುಕೊಳ್ಳಿ.